ಗಾಳಿ ನಿಲ್ಲದ ಮೂರು ದಿನ

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಗಳಾದ ಮೇಲೆ ನಾನೂ ನನ್ನ ಗಂಡನೂ ಇಬ್ಬರೇ ಹೊರಟ ಮೊದಲ ಪ್ರವಾಸ ಅದು. ಅಲ್ಲಿಯವರೆಗೆ ರಜೆ ಎಂದರೆ ಸಿಡ್ನಿಯಿಂದ ಧಾರವಾಡಕ್ಕೆ ಹೋಗಿ ಬರುವುದು. ಯಾರದೋ ಮದುವೆ, ಯಾರದೋ ಆಸ್ಪತ್ರೆ. ಮೆಲ್ಬರ್ನ್‌ನಲ್ಲಿದ್ದ ಮಗಳು ಆಗ ಆರು ತಿಂಗಳ ಬಸುರಿ. ಅವಳೇ ಒತ್ತಾಯ ಮಾಡಿ ಹೊರಡಿಸಿದಳು. “ಬೇಬಿ ಬಂದ್ಮ್ಯಾಲೆ ನಿಮಗ ಟೈಮ್ ಎಲ್ಲೆ ಸಿಗ್ತದಮ್ಮಾ? ಈಗ ಹೋಗಿ ಬರ್ರಿ.”

ಗ್ರೀಸ್‌ಗೆ ಸೇರಿದ ಆ ದ್ವೀಪದಲ್ಲಿ ಇರುವುದೇ ಒಂದು ಊರು. ಬಂದರಿನ ಸುತ್ತ ಹಳದಿ, ನೀಲಿ ಮನೆಗಳು, ಅವುಗಳ ನಡುವೆ ಗುಡ್ಡ ಹತ್ತುವ ಕಲ್ಲಿನ ಮೆಟ್ಟಿಲು. ವಿಮಾನವಿಲ್ಲ; ಹೋಗಲಿಕ್ಕೂ ಬರಲಿಕ್ಕೂ ಹಡಗೇ ಗತಿ. ಸಿಡ್ನಿಯ ಸ್ಕೋಫೀಲ್ಡ್ಸ್‌ನ ನಮ್ಮ ಮನೆಯಲ್ಲಿ ಭಾನುವಾರವೂ ಲ್ಯಾಪ್‌ಟಾಪ್ ಮುಚ್ಚದ ನನ್ನ ಗಂಡ ಅಲ್ಲಿ ಹ್ಯಾಟು ಹಾಕಿಕೊಂಡು, ಕಂಡ ಬೆಕ್ಕುಗಳನ್ನೆಲ್ಲ ಮಾತಾಡಿಸುತ್ತ ಎರಡು ದಿನ ಓಣಿ ಓಣಿ ತಿರುಗಿದರು. ನಾವು ಬಂದರಿನ ಕಟ್ಟೆಯ ಮೇಲೆ ಕೂತು, ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ಇಂಡಿಯನ್ ಅಂಗಡಿಯಲ್ಲಿ ಕೊಂಡು ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಅಲ್ಲಿಯ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದೆವು. ಇಷ್ಟು ಸುಖವಾಗಿರಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮೂರನೆಯ ಬೆಳಿಗ್ಗೆ ಗಾಳಿ ಎದ್ದಿತು. ಹಡಗುಗಳನ್ನು ನಿಲ್ಲಿಸಿದ್ದಾರೆ ಎಂದು ಹೋಟೆಲಿನಾಕೆ ಹೇಳಿದಳು. ನಾವು ನಕ್ಕೆವು, ಇನ್ನೊಂದು ದಿನ ಸಿಕ್ಕಿತು ಎಂದು. ಮಧ್ಯಾಹ್ನ ಅಳಿಯನ ಫೋನ್ ಬಂತು. ಅವನು ಮಂಗಳೂರಿನವನು, ಇವತ್ತಿಗೂ ನನ್ನನ್ನು ಆಂಟಿ ಎಂದೇ ಕರೆಯುತ್ತಾನೆ.

“ಆಂಟಿ, ಬ್ಲೀಡಿಂಗ್ ನಿಲ್ಲುವುದೇ ಇಲ್ಲ. ಆಪರೇಷನ್‌ಗೆ ತಕೊಂಡು ಹೋದ್ರು. ನೀವು ಬೇಗ ಬನ್ನಿ.”

ಅಲ್ಲಿಂದ ನಾವು ಆ ಪುಟ್ಟ ಊರನ್ನು ಎಷ್ಟು ಸಲ ಸುತ್ತಿದೆವೋ ಲೆಕ್ಕವಿಲ್ಲ. ಬಂದರು ಕಚೇರಿಯಲ್ಲಿ ನಾಳೆ ನೋಡೋಣ ಎಂದರು. ಪೊಲೀಸರೂ ಅದನ್ನೇ ಅಂದರು. ಹೆಲಿಕಾಪ್ಟರ್ ಸಿಗಬಹುದೇ ಎಂದು ಕೇಳಿದರೆ, ಅದು ಈ ದ್ವೀಪದಲ್ಲಿ ಕಾಯಿಲೆ ಬಿದ್ದವರಿಗೆ ಮಾತ್ರ ಎಂದರು. ಕೊನೆಗೆ ನನ್ನ ಗಂಡ ದೋಣಿಯನ್ನು ದಡಕ್ಕೆ ಬಿಗಿದು ಕಟ್ಟುತ್ತಿದ್ದ ಒಬ್ಬ ಮೀನುಗಾರನ ಮುಂದೆ ಕೈಮುಗಿದು ನಿಂತುಬಿಟ್ಟರು. ಇನ್ನೊಬ್ಬರ ಮುಂದೆ ಅವರು ಹಾಗೆ ನಿಂತದ್ದನ್ನು ನಾನು ಕಂಡೇ ಇರಲಿಲ್ಲ. ಆತ ಮುಗಿದ ಕೈಗಳನ್ನು ಹಿಡಿದು ಮೆಲ್ಲಗೆ ಬಿಡಿಸಿ, ಹರಕು ಇಂಗ್ಲಿಷಿನಲ್ಲಿ ಹೇಳಿದ: “ನಿಮ್ಮಿಬ್ಬರನ್ನೂ ಮುಳುಗಿಸಿದರೆ ನಿಮ್ಮ ಮಗಳಿಗೆ ನಾನು ಏನು ಹೇಳಲಿ?”

ವಾಪಸು ಮೆಟ್ಟಿಲು ಹತ್ತುವಾಗ ನನ್ನ ಬಾಯಿಂದ ಬರಬಾರದ ಮಾತು ಬಂತು. “ದ್ವೀಪಾನೇ ಬೇಕಂದವ್ರು ನೀವು. ನಾ ಬ್ಯಾಡ ಅಂದಿದ್ದೆ.”

“ಹೌದು, ನಾನೇ ಬೇಕಂದೆ,” ಎಂದು ಅವರು ಅಲ್ಲೇ ಕುಸಿದು ಕೂತರು. “ಈಗೇನು ಮಾಡ್ಲಿ? ಹಾರ್ಕೊಳ್ಲೇನು ಸಮುದ್ರಕ್ಕ?”

ನಾನು ಅವರ ಪಕ್ಕದಲ್ಲಿ ಕೂರಲಿಲ್ಲ. ಹೋಟೆಲಿಗೆ ಒಬ್ಬಳೇ ಹೋದೆ.

ರಾತ್ರಿ ಅಳಿಯ ಸುದ್ದಿ ಕೊಟ್ಟ. ಹೆಣ್ಣು ಮಗು ಹುಟ್ಟಿತ್ತು, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಮಗಳಿಗೆ ಎಚ್ಚರವಿರಲಿಲ್ಲ, ರಕ್ತದ ಮೇಲೆ ರಕ್ತ ಕೊಡುತ್ತಿದ್ದರು. ಮರುದಿನ ಅಳಿಯ ಗಾಜಿನ ಪೆಟ್ಟಿಗೆಯ ಹತ್ತಿರ ಫೋನ್ ಹಿಡಿದು ಕೂಸನ್ನು ತೋರಿಸಿದ. ಹೋಟೆಲಿನ ಅಡುಗೆಮನೆಯಲ್ಲಿ ಮಾತ್ರ ಸಿಗ್ನಲ್ ಸರಿಯಾಗಿ ಸಿಗುತ್ತಿದ್ದುದರಿಂದ, ಈರುಳ್ಳಿ ಚೀಲದ ಪಕ್ಕದಲ್ಲಿ ನಿಂತು ನಾವಿಬ್ಬರೂ ನೋಡಿದೆವು. ಚಿತ್ರ ನಿಂತು ನಿಂತು ಬರುತ್ತಿತ್ತು. ಒಮ್ಮೆ ಕೂಸು ಕಣ್ಣು ತೆರೆಯಿತು. ಆಗ ನನ್ನ ಗಂಡ ನನ್ನ ಭುಜ ಹಿಡಿದುಕೊಂಡರು. ಮೆಟ್ಟಿಲ ಮೇಲಿನ ಜಗಳದ ನಂತರ ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಗಾಳಿ ಎದ್ದ ಮೂರನೆಯ ದಿನ ಸಂಜೆ ಅಳಿಯ ಮತ್ತೆ ಫೋನ್ ಮಾಡಿದ. “ಮಗು ಹೋಯ್ತು ಆಂಟಿ,” ಎಂದು ಅತ್ತ. ಹೊರಗೆ ಗಾಳಿ ಹಾಗೇ ಬೀಸುತ್ತಿತ್ತು. ಹೋಟೆಲಿನಾಕೆ ಒಂದು ತಟ್ಟೆ ಅನ್ನ ಮಾಡಿ ತಂದು ಬಾಗಿಲಲ್ಲಿಟ್ಟು ಹೋದಳು. ಅನ್ನ ನಮ್ಮ ಊಟವೆಂದು ಯಾರು ಹೇಳಿದ್ದರೋ. ತಿನ್ನಲಿಕ್ಕಾಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಸಮುದ್ರ ಕೊಳದ ಹಾಗೆ ಮಲಗಿತ್ತು. ಅದನ್ನು ಕಂಡು ನನಗೆ ಬಂದಂಥ ಸಿಟ್ಟು ಯಾವ ಮನುಷ್ಯರ ಮೇಲೂ ಬಂದಿರಲಿಲ್ಲ.

ಒಂದು ಹಡಗು, ಮೂರು ವಿಮಾನ. ಮೆಲ್ಬರ್ನ್ ಆಸ್ಪತ್ರೆಯ ಕೋಣೆಗೆ ನಾವು ಕಾಲಿಟ್ಟಾಗ ಮಗಳು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ತಡವಾಯಿತೆಂದು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು.

“ಅಮ್ಮಾ, ಅಕಿ ಕಣ್ಣು ತೆಗೆದಿದ್ಲಂತ. ಐ ವಾಸ್ ಅಸ್ಲೀಪ್. ನೀ ನೋಡಿಯಂತ?”

“ನೋಡೀನವ್ವಾ.”

“ಹ್ಯಾಂಗಿದ್ವು?”

ಆ ಫೋನಿನಲ್ಲಿ ನನಗೆ ಕಂಡದ್ದು ಎಷ್ಟು? ಕಂಡಷ್ಟನ್ನೇ ಹೇಳಿದೆ. “ಕರೀವು. ಈ ಕಡೆ, ಆ ಕಡೆ ನೋಡಿದ್ಲು. ನಿನ್ನ ಗಂಡನ ಬೆರಳು ಹಿಡಿದಿದ್ಲು.”

ಎರಡು ವಾರದ ಮೇಲೆ ನನ್ನ ಗಂಡ ಕೆಲಸಕ್ಕೆಂದು ಸಿಡ್ನಿಗೆ ಮರಳಿದರು. ನಾನು ಮೂರು ತಿಂಗಳು ಮಗಳ ಮನೆಯಲ್ಲೇ ಉಳಿದೆ. ದಿನಾ ಬೆಳಿಗ್ಗೆ ಚಹಾ ಕೊಡುವಾಗ ಅವಳು ಅದನ್ನೇ ಕೇಳುತ್ತಿದ್ದಳು, ನಾನು ಅಷ್ಟನ್ನೇ ಹೇಳುತ್ತಿದ್ದೆ. ಒಂದು ದಿನ ಅವಳು ಕೇಳಲಿಲ್ಲ. ಕಪ್ಪು ಹಿಡಿದು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕಿದಳು. ಅವತ್ತು ನನಗೇ ಹೇಳಬೇಕೆನಿಸಿ ಬಾಗಿಲವರೆಗೆ ಹೋದೆ. ಹೇಳಲಿಲ್ಲ.