ಕ್ಷೌರದಂಗಡಿಯ ಭಕ್ತರು

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎರಡೇ ಕುರ್ಚಿಯ ಕ್ಷೌರದಂಗಡಿ. ಒಂದು ಅಪ್ಪನದು, ಇನ್ನೊಂದು ಮಗಳದು. ಮಗಳ ಕೆಲಸ ತನಗಿಂತ ಒಂದು ಕೈ ಮೇಲೆಂದು ಅಪ್ಪನೇ ಕಂಡಕಂಡವರಿಗೆ ಹೇಳುತ್ತಿದ್ದ. ಏನು ಪ್ರಯೋಜನ? ಹಳೇ ಗಿರಾಕಿಗಳು ನಾಲ್ವರು ಅವಳ ಕುರ್ಚಿ ಖಾಲಿಯಿದ್ದರೂ ಪೇಪರು ಹಿಡಿದು ಅವನಿಗೇ ಕಾಯುತ್ತಿದ್ದರು. ಅವರು ಕೂರದ ಕುರ್ಚಿಯ ಕಡೆ ಹೊಸಬರೂ ಸುಳಿಯುತ್ತಿರಲಿಲ್ಲ.

ಹೆಂಡತಿ ಆ ನಾಲ್ವರಿಗೆ ಇಟ್ಟ ಹೆಸರು ‘ಭಕ್ತರು’. ಬೆಳಿಗ್ಗೆ ಅವನು ಹಾಸಿಗೆ ಬಿಡುವ ಮೊದಲೇ, ನಿಮ್ಮ ಭಕ್ತರು ಬಾಗಿಲಲ್ಲಿ ನಿಂತಿರುತ್ತಾರೆ, ಏಳಿ ಎನ್ನುವಳು. ಅವನಿಗೆ ಮೈ ಉರಿಯುತ್ತಿತ್ತು. ಭಕ್ತರೆಂದರೆ ಕಣ್ಣು ಮುಚ್ಚಿ ನಂಬುವವರು, ಇವರೋ ಕಿವಿ ಮೇಲೆ ಒಂದು ಕೂದಲುಳಿದರೂ ತಕರಾರು ಎತ್ತುವವರು, ಗಿರಾಕಿ ಅನ್ನು ಸಾಕು ಎಂದು ಗದರುತ್ತಿದ್ದ. ಒಳಗೊಳಗೇ ಹಿಗ್ಗುತ್ತಿದ್ದ, ಅದು ಬೇರೆ ಮಾತು.

ಈ ವರ್ಷ ಅವನ ಬಲಗೈ ನಡುಗತೊಡಗಿತು. ತಾನು ಕತ್ತಿ ಕೆಳಗಿಟ್ಟರೆ ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಾರೆ. ಆಮೇಲೆ ಮಗಳ ಗತಿಯೇನು? ಹಲ್ಲು ಕಚ್ಚಿಕೊಂಡು ಕೆಲಸ ನಡೆಸಿದ. ಆ ನಾಲ್ವರಲ್ಲಿ ಬಡಗಿಯ ಗಲ್ಲ ಎರಡು ಸಲ, ಗಣಿತದ ಮೇಷ್ಟ್ರದು ಒಂದು ಸಲ ಕೊಯ್ದ. ಯಾರೂ ತುಟಿ ಪಿಟಿಕ್ಕೆನ್ನಲಿಲ್ಲ. ಆಮೇಲೆ ಮೂರು ವಾರ ಒಂದು ಗಾಯವೂ ಆಗಲಿಲ್ಲ. ಕೈ ಸುಧಾರಿಸಿತು ಅಂದುಕೊಂಡ, ಪಾಪ.

ಶನಿವಾರ ಉಳಿದ ಮೂವರು ಬೆಂಚಿನ ಮೇಲೆ ಕಾಯುತ್ತಿದ್ದಾಗ ಬಡಗಿಗೆ ನೊರೆ ಹಚ್ಚಿ ಎರಡೂ ಕೆನ್ನೆ ಎಳೆದು ಮುಗಿಸಿದ. ಕತ್ತಿ ತೊಳೆಯಲು ಹೋದಾಗ ನೋಡುತ್ತಾನೆ, ಅದಕ್ಕೆ ಬ್ಲೇಡನ್ನೇ ಹಾಕಿಲ್ಲ! ಆದರೂ ಬಡಗಿಯ ಕೆನ್ನೆ ನುಣ್ಣಗಿದೆ.

“ಮನೇಲೇ ಮಾಡ್ಕೊಂಡು ಬಂದ್ಯಾ?”

ಬಡಗಿ ತಲೆ ತಗ್ಗಿಸಿದ. “ನಾಲ್ಕೂ ಜನ ಕಣಯ್ಯಾ, ಮೂರು ವಾರದಿಂದ. ಗಾಯ ಆಯ್ತು ಅಂತ ನೀನು ನಿಲ್ಲಿಸಿಬಿಟ್ರೆ ನಾವೆಲ್ಲಿಗೆ ಹೋಗೋಣ?”

ಅವನಿಗೆ ನಾಚಿಕೆಯಾಯಿತು. ಬಡಗಿಯ ಕೊರಳಿನ ಬಟ್ಟೆ ಬಿಚ್ಚಿ ತನ್ನ ಕೊರಳಿಗೆ ಕಟ್ಟಿಕೊಂಡ. ಹೋಗಿ ಮಗಳ ಕುರ್ಚಿಯಲ್ಲಿ ಕೂತ.

“ನನ್ನ ಗಡ್ಡ ತೆಗಿಯಮ್ಮಾ.”

ಮಗಳು ಹೊಸ ಬ್ಲೇಡು ಹಾಕಿದಳು. ಅವನು ಏಳುವಷ್ಟರಲ್ಲಿ ನಾಲ್ವರೂ ಆ ಕುರ್ಚಿಯ ಹಿಂದೆ ಸಾಲಾಗಿ ನಿಂತಿದ್ದರು. ಒಬ್ಬರಿಗೂ ಗಡ್ಡವಿರಲಿಲ್ಲ. ಬುಧವಾರ ಬೆಳೆಸಿಕೊಂಡು ಬನ್ನಿ ಎಂದು ಅವಳು ನಗುತ್ತ ಸಾಗಹಾಕಿದಳು.

ಬುಧವಾರ ಬಂದರು. ಅಪ್ಪ ಬೆಂಚಿನ ಮೇಲೆ ಪೇಪರು ಓದುತ್ತಿದ್ದ. ಹೊಸಬನೊಬ್ಬ ಒಳಗೆ ಬಂದು ಮಗಳ ಕುರ್ಚಿಯತ್ತ ನೇರ ನಡೆದಾಗ ಕೈ ಅಡ್ಡ ಹಿಡಿದ.

“ಸ್ವಲ್ಪ ಕೂತ್ಕೊಳ್ಳಿ ಸ್ವಾಮೀ, ಮೊದಲು ಭಕ್ತರದ್ದಾಗಲಿ.”