ತಿರುವು ದಾಟದ ಗಾಡಿ

ನಮ್ಮ ಮನೆಯಲ್ಲಿ ಒಂದು ಮಾತನ್ನು ಮೂವರು ಹೇಳಿದರೆ ಅದು ಸತ್ಯ. ನಾಲ್ಕನೆಯವಳಾಗಿ ನಾನು ಪುರಾವೆ ಕೇಳಿದರೆ ಅದು ಅಧಿಕಪ್ರಸಂಗ. ದೊಡ್ಡಪ್ಪನ ಹಳೆಯ ಬೈಕಿನ ವಿಷಯದಲ್ಲೂ ಹಾಗೇ ಆಯಿತು. ಅಜ್ಜಿ, ಅಪ್ಪ, ದೊಡ್ಡಪ್ಪ ಮೂವರೂ ಒಂದೇ ಮಾತು ಹೇಳುತ್ತಿದ್ದರು: ಆ ಗಾಡಿ ಇನ್ನು ಹುಣಸೆಮರದ ತಿರುವು ದಾಟುವುದಿಲ್ಲ.

ನಮ್ಮೂರು ತಮಿಳುನಾಡಿನ ಹೊಸೂರಿನ ಹತ್ತಿರ, ಸಾನಮಾವು ಎಂಬ ಕಾಡಿನ ಅಂಚಿನಲ್ಲಿದೆ. ಊರಿಂದ ಹೆದ್ದಾರಿಗೆ ಹೋಗುವ ರಸ್ತೆ ಆ ತಿರುವಿನಲ್ಲಿ ಮಾತ್ರ ಕಾಡಿಗೆ ಮೈ ತಾಗಿಸಿ ಹೋಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ, ದೊಡ್ಡಪ್ಪ ಹೊಸೂರಿನ ಕಾರ್ಖಾನೆಯಿಂದ ಒಂದು ಸಂಜೆ ಮನೆಗೆ ಬರುತ್ತಿದ್ದಾಗ, ಅಲ್ಲಿ ಆನೆ ನಿಂತಿತ್ತು. ಅವನು ಬೈಕು ಕೆಡವಿ ಓಡಿದ. ಆನೆ ಅದನ್ನು ಮೂಸಿ ನೋಡಿ, ಸೀಟನ್ನು ಒಂದು ಸಲ ಒತ್ತಿ, ತನ್ನ ದಾರಿ ಹಿಡಿಯಿತು. ಮರುದಿನ ಟೆಂಪೋದಲ್ಲಿ ಹಾಕಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿ ಅಲ್ಲಿಂದ ಹೊರಗೆ ಬರಲೇ ಇಲ್ಲ. ದೊಡ್ಡಪ್ಪ ಬಸ್ಸಿನಲ್ಲಿ ಓಡಾಡತೊಡಗಿದ. ಆಯುಧ ಪೂಜೆಗೆ ಮಾತ್ರ ಅಜ್ಜಿ ಅದನ್ನು ಮರೆಯಲಿಲ್ಲ. ಓಡದ ಗಾಡಿಯನ್ನೂ ತೊಳೆದು, ವಿಭೂತಿ ಬಳಿದು, ಅರಿಸಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಓಡದ ಚಕ್ರ ನಿಂಬೆಹಣ್ಣನ್ನು ಹೇಗೆ ಹಿಂಡುತ್ತದೆ ಎಂದು ನಾನು ಕೇಳಿದ್ದಕ್ಕೆ, ಕೊನೆಗೆ ಅವಳೇ ಕಾಲಿನಿಂದ ತುಳಿದು ಮುಗಿಸಿದ್ದಳು.

ಈಗ ಆ ಗಾಡಿ ನನಗೆ ಬೇಕಾಗಿತ್ತು. ಕಾಲೇಜು ಮುಗಿದು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಕಂಪನಿ ಬಸ್ಸು ಬೆಳಿಗ್ಗೆ ಹೆದ್ದಾರಿಯ ಜಂಕ್ಷನ್ನಿನವರೆಗೆ ಬರುತ್ತದೆ, ನಮ್ಮೂರಿಗೆ ಬರುವುದಿಲ್ಲ. ಸರ್ಕಾರಿ ಬಸ್ಸು ನಮ್ಮೂರು ಮುಟ್ಟುವ ಹೊತ್ತಿಗೆ ಕಂಪನಿ ಬಸ್ಸು ಹೋಗಿ ಆಗಿರುತ್ತದೆ. ಅಪ್ಪನ ಮೊಪೆಡ್ಡು ಅದೇ ಹೊತ್ತಿಗೆ ಟೊಮೇಟೊ ಕ್ರೇಟು ಹೊತ್ತು ಮಾರುಕಟ್ಟೆಗೆ ಹೊರಡುತ್ತದೆ. ಹಾಸ್ಟೆಲ್ಲಿಗೆ ಕಳಿಸುವ ಮಾತನ್ನು ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ಸೋಮವಾರ ಕೆಲಸಕ್ಕೆ ಸೇರಬೇಕು. ಅಪ್ಪ ಒಂದು ಷರತ್ತು ಹಾಕಿದ: ಭಾನುವಾರದೊಳಗೆ ಆ ಗಾಡಿ ಜಂಕ್ಷನ್ನಿಗೆ ಹೋಗಿ ವಾಪಸ್ಸು ಬರಲಿ, ಕೆಲಸಕ್ಕೆ ಹೋಗು. ಬರಲಿಲ್ಲ ಅಂದರೆ ಕೆಲಸವೂ ಬೇಡ, ಗಾಡಿ ಗುಜರಿಗೆ.

ಅವನು ಸೋಲುವ ಪಂದ್ಯ ಕಟ್ಟುವವನಲ್ಲ. ಗಾಡಿ ಏಳುವುದಿಲ್ಲ ಎಂಬ ನಂಬಿಕೆಯಿಂದಲೇ ಒಪ್ಪಿದ್ದ ಅಂತ ನನಗೆ ಗೊತ್ತಿತ್ತು. ಆ ನಂಬಿಕೆಯನ್ನು ಸುಳ್ಳು ಮಾಡಬಹುದು ಅಂತಲೇ ನಾನೂ ಒಪ್ಪಿದೆ.

ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬಂದು ಓದಿದ ಕೃಷ್ಣಗಿರಿಯ ಕಾಲೇಜಿನಲ್ಲಿ ನಾನು ಮೂರು ವರ್ಷ ಪಟ್ಟಿಮಂಡ್ರದಲ್ಲಿ ಮಾತಾಡಿದವಳು. ತಮಿಳಿನಲ್ಲಿ ಎರಡು ಪಕ್ಷ ಕಟ್ಟಿ, ನಡುವೆ ತೀರ್ಪುಗಾರರನ್ನು ಕೂರಿಸಿ, ವಾದ ಮಾಡಿಸುವ ಆಟ ಅದು. ಮನೆಯ ಕನ್ನಡದಲ್ಲಿ ಯೋಚಿಸಿ ತಮಿಳಿನಲ್ಲಿ ಜಗಳ ಆಡಿ ಬಹುಮಾನ ತಂದಿದ್ದೆ. ಕೆಟ್ಟ ಇಂಜಿನ್ನೂ ಒಂದು ವಾದವೇ ಅನ್ನಿಸಿತು. ಕಿಡಿ ಇದೆಯೇ? ಪೆಟ್ರೋಲ್ ಬರುತ್ತಿದೆಯೇ? ಗಾಳಿ ಹೋಗುತ್ತಿದೆಯೇ? ಈ ಮೂರಕ್ಕೂ ಹೌದು ಎಂಬ ಉತ್ತರ ಬಂದರೆ, ಓಡದೇ ಇರಲು ಅದಕ್ಕೆ ಯಾವ ಕಾರಣವೂ ಉಳಿಯುವುದಿಲ್ಲ.

ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಸಾರು ಸೀದ ಪಾತ್ರೆಯ ತಳದ ಹಾಗಿತ್ತು. ಉಪ್ಪುಕಾಗದದಲ್ಲಿ ತಿಕ್ಕಿ, ಇಂಜಿನ್ನಿನ ಮೈಗೆ ತಾಗಿಸಿ ಹಿಡಿದು ಕಿಕ್ ಹೊಡೆದಾಗ ಸಣ್ಣ ನೀಲಿ ಕಿಡಿ ಹಾರಿತು. ಟ್ಯಾಂಕಿನ ತುಕ್ಕನ್ನು ಜಲ್ಲಿ ಹಾಕಿ ಕುಲುಕಿ ತೊಳೆದೆ. ಕಾರ್ಬುರೇಟರಿನೊಳಗೆ ಹಳೆಯ ಪೆಟ್ರೋಲ್ ಆರಿ ಹಲಸಿನ ಅಂಟಿನಂತಾಗಿತ್ತು. ಕರೆಂಟಿನ ವೈರಿನ ಒಂದು ಎಳೆ ತೆಗೆದು ಅದರ ತೂತುಗಳನ್ನು ಬಿಡಿಸಿದೆ. ಬಾಟಲಿಯಲ್ಲಿ ತಂದ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ ಕಿಕ್ ಹೊಡೆಯತೊಡಗಿದೆ. ಪಾದ ಊದಿಕೊಂಡ ಮೇಲೆ ಗಾಡಿ ಕೆಮ್ಮಿತು, ಕೊಟ್ಟಿಗೆ ತುಂಬ ಹೊಗೆ ಬಿಟ್ಟಿತು, ಎದ್ದಿತು. ಹಸು ಹಗ್ಗ ಜಗ್ಗಿತು. ಗೇರು ಹಾಕುವುದನ್ನು ನನಗೆ ಕಲಿಸಿದವನೂ ದೊಡ್ಡಪ್ಪನೇ, ಕೊಟ್ಟಿಗೆ ಸೇರುವ ಮೊದಲು ಇದೇ ಗಾಡಿಯಲ್ಲಿ. ಊರಿನ ಬೀದಿಗಳಲ್ಲಿ ಎರಡು ಸುತ್ತು ಹಾಕಿದೆ. ಎಲ್ಲೂ ನಿಲ್ಲಲಿಲ್ಲ.

ಅಪ್ಪನ ಮುಖದಲ್ಲಿ ಹೆಮ್ಮೆಯೂ ಪೇಚಾಟವೂ ಒಟ್ಟಿಗೇ ಇದ್ದವು. ಕಾಡಿನ ಪಕ್ಕ ಪೆಟ್ರೋಲ್ ಮುಗಿದು ನಿಂತರೆ ಕಷ್ಟ ಅಂದು, ಕ್ಯಾನು ತರಿಸಿ ಟ್ಯಾಂಕು ತುಂಬಿಸಿದವನು ಅವನೇ. ಶುಕ್ರವಾರ ಜಂಕ್ಷನ್ನಿಗೆ ಹೊರಟೆ. ಹುಣಸೆಮರ ಕಂಡಿತು. ತಿರುವು ಬಂತು. ಇಂಜಿನ್ ಎರಡು ಸಲ ಮುಕ್ಕರಿಸಿ ಸತ್ತೇಹೋಯಿತು.

ಎಷ್ಟು ಕಿಕ್ ಹೊಡೆದರೂ ಏಳಲಿಲ್ಲ, ತಳ್ಳಿಕೊಂಡು ಬಂದೆ. ರಸ್ತೆ ಪಕ್ಕದ ತೋಟದಲ್ಲಿ ಗುಲಾಬಿ ಕೀಳುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ ಕೇಳಿದಳು: "ಏನಮ್ಮಿ, ನೀನು ಗಾಡಿ ಮೇಲೆ ಹೋಯ್ತೀಯೋ, ಗಾಡಿ ನಿನ್ ಮೇಲೆ ಹೋಯ್ತದೋ?"

ಆಕಸ್ಮಿಕ ಅಂತ ಮನೆಯಲ್ಲಿ ವಾದಿಸಿದೆ. ಶನಿವಾರ ಬೆಳಿಗ್ಗೆ ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಮತ್ತೆ ಹೋದೆ. ಅದೇ ತಿರುವು, ಅದೇ ಮುಕ್ಕರಿಕೆ, ಅದೇ ಸಾವು. ವಾಪಸ್ಸು ತಳ್ಳಿಕೊಂಡು ಬಂದಾಗ ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪ ನನ್ನನ್ನು ಗೇಲಿ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಬುಟ್ಬುಡು ಕಣವ್ವ," ಅಂದ. "ಅದುಕ್ಕೂ ಜೀವ ಐತೆ. ಅಲ್ಲಿ ಏನ್ ನೋಡ್ತೋ ಅದುಕ್ಕೇ ಗೊತ್ತು."

ಗುಜರಿಯವನಿಗೆ ಫೋನು ಮಾಡಲು ಅಪ್ಪ ಮೊಬೈಲು ತೆಗೆದ. ಭಾನುವಾರ ಇನ್ನೂ ಮುಗಿದಿಲ್ಲ, ಗಡುವಿಗೆ ಮೊದಲೇ ತೀರ್ಪು ಹೇಳುವ ಅಧಿಕಾರ ಯಾರಿಗೂ ಇಲ್ಲ ಅಂದೆ. ಮೊಬೈಲು ಜೇಬಿಗೆ ಹೋಯಿತು.

ಕೊಟ್ಟಿಗೆಯಲ್ಲಿ ಕೂತು ಯೋಚಿಸಿದೆ. ಆಕಸ್ಮಿಕ ಎನ್ನುವುದು ಪಟ್ಟಿಮಂಡ್ರದಲ್ಲಿ ಸೋಲುವವರು ಆಡುವ ಮಾತು. ಎದುರು ಪಕ್ಷದ ಪುರಾವೆ ಗಟ್ಟಿಯಿದ್ದರೆ ಅದನ್ನು ಸುಳ್ಳೆನ್ನಬಾರದು, ಕಸಿದುಕೊಳ್ಳಬೇಕು. ಗಾಡಿ ಎರಡು ಸಲವೂ ಅಲ್ಲೇ ನಿಂತದ್ದು ನಿಜ. ಆದರೆ ಅದು ನಿಂತದ್ದು ಜಾಗ ನೋಡಿಯೋ, ದೂರ ನೋಡಿಯೋ? ಇದನ್ನು ಕೇಳಲು ಯಾರಿಗೂ ತೋಚಿರಲಿಲ್ಲ, ಯಾಕೆಂದರೆ ಅವರೆಲ್ಲ ಆನೆಯನ್ನೇ ನೋಡುತ್ತಿದ್ದರು. ನಾನೂ ಅಷ್ಟೇ, ಆನೆ ಇಲ್ಲ ಎಂದು ಸಾಧಿಸುವ ಭರದಲ್ಲಿ.

ಮಧ್ಯಾಹ್ನ ಗಾಡಿಯನ್ನು ಕಾಡಿಗೆ ಬೆನ್ನು ಮಾಡಿ, ಹಾಲಿನ ಡೇರಿಯ ರಸ್ತೆಗೆ ಬಿಟ್ಟೆ. ಆ ಕಡೆ ಬರೀ ರಾಗಿ ಹೊಲ, ಎಲೆಕೋಸು. ಊರು ಬಿಟ್ಟು, ತಿರುವು ಇರುವಷ್ಟೇ ದೂರ ಹೋದಾಗ, ಡೇರಿಯ ಬಾಗಿಲಿನ ಎದುರು ಇಂಜಿನ್ ಎರಡು ಸಲ ಮುಕ್ಕರಿಸಿ ಸತ್ತಿತು. ಜೀವನದಲ್ಲಿ ಕೆಟ್ಟು ನಿಂತ ಗಾಡಿಯ ಮೇಲೆ ಕೂತು ಅಷ್ಟು ಖುಷಿ ಪಟ್ಟವರು ಯಾರೂ ಇರಲಾರರು. ಡೇರಿಯ ಮುಂದೆ ಯಾವ ಆನೆ ನಿಂತಿತ್ತು, ಹೇಳಲಿ ನೋಡೋಣ.

ಪೆಟ್ರೋಲ್ ಇದೆಯೋ ಇಲ್ಲವೋ ನೋಡಲು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಸ್ ಎಂದು ಗಾಳಿ ಒಳಗೆ ನುಗ್ಗಿತು, ಬಹಳ ಹೊತ್ತು ಉಸಿರು ಕಟ್ಟಿದ್ದವರು ಬಾಯಿ ತೆರೆದ ಹಾಗೆ. ಮುಚ್ಚಳ ಹಾಕಿ ಕಿಕ್ ಹೊಡೆದೆ. ಇಂಜಿನ್ ಎದ್ದಿತು.

ಮುಚ್ಚಳವನ್ನು ಮತ್ತೆ ಬಿಚ್ಚಿ ಬೆಳಕಿಗೆ ಹಿಡಿದೆ. ನಡುವೆ ಒಂದು ಸೂಜಿತೂತು ಇರಬೇಕು. ಪೆಟ್ರೋಲ್ ಕೆಳಗೆ ಇಳಿದಷ್ಟೂ ಮೇಲಿಂದ ಗಾಳಿ ಒಳಬರುವ ದಾರಿ ಅದು. ಅಲ್ಲಿ ತೂತು ಕಾಣಲಿಲ್ಲ. ಅರಿಸಿನ, ಕುಂಕುಮ, ವಿಭೂತಿ ಪದರ ಪದರವಾಗಿ ಕೂತು ಗಟ್ಟಿ ಬಿಲ್ಲೆಯಾಗಿತ್ತು. ಬಾಟಲಿಯಷ್ಟೇ ಪೆಟ್ರೋಲ್ ಇದ್ದಾಗ ಟ್ಯಾಂಕಿನೊಳಗೇ ಬೇಕಾದಷ್ಟು ಗಾಳಿ ಇತ್ತು, ಅದಕ್ಕೇ ಊರೆಲ್ಲ ಓಡಿತು. ಅಪ್ಪ ಟ್ಯಾಂಕು ತುಂಬಿಸಿದ, ಗಾಳಿಗೆ ಜಾಗ ಉಳಿಯಲಿಲ್ಲ, ಸ್ವಲ್ಪ ದೂರಕ್ಕೇ ಪೆಟ್ರೋಲ್ ಇಳಿಯುವುದು ನಿಂತಿತು. ಮನೆಯಲ್ಲಿ ನಿಂತಿದ್ದಾಗ ಮುಚ್ಚಳದ ಅಂಚಿನಿಂದ ಗಾಳಿ ನಿಧಾನವಾಗಿ ನುಸುಳುತ್ತಿತ್ತು, ಅದಕ್ಕೇ ಮತ್ತೆ ಏಳುತ್ತಿತ್ತು. ಆ ಸ್ವಲ್ಪ ದೂರದಲ್ಲಿ ಈ ಕಡೆ ಹುಣಸೆಮರವಿತ್ತು, ಆ ಕಡೆ ಡೇರಿ.

ಮನೆಗೆ ಬಂದು ಅಜ್ಜಿಯ ಎದುರು ಮುಚ್ಚಳ ಇಟ್ಟೆ. ಬೊಟ್ಟನ್ನು ಇಲ್ಲೇ ಯಾಕೆ ಇಡುತ್ತಿದ್ದೆ ಅಂತ ಕೇಳಿದೆ. ಅದು ಗಾಡಿಯ ನೆತ್ತಿ, ಮತ್ತೆಲ್ಲಿ ಇಡಲಿ ಅಂದಳು.

"ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತೀಯಜ್ಜಿ?"

"ಒಂದ್ರಲ್ಲಿ ಗಾಳಿ ಹೋಗ್ಬೇಕಲ್ಲ. ಇಲ್ದಿದ್ರೆ ಎಣ್ಣೆ ಎಲ್ಲಿ ಬತ್ತದೆ?" ಅಂದವಳು ಅಲ್ಲಿಗೇ ನಿಂತಳು. ಮುಚ್ಚಳ ನೋಡಿದಳು. ನನ್ನನ್ನು ನೋಡಿದಳು. ಕೊನೆಗೆ ಕೊಟ್ಟಿಗೆಯ ಕಡೆ ತಿರುಗಿ ಹೇಳಿದಳು: "ಹಂಗಾರೆ ಆ ಆನೆ ನಾನೇ ಅನ್ನು."

ಅಪ್ಪ ನಕ್ಕುಬಿಟ್ಟ. ನಾನು ನಗಲಿಲ್ಲ. ಅಜ್ಜಿಯ ಸೆರಗಿನ ಪಿನ್ನನ್ನೇ ಕೇಳಿ ತೆಗೆದುಕೊಂಡು ತೂತು ಬಿಡಿಸಿದೆ. ಇಷ್ಟು ವರ್ಷ ಇಟ್ಟ ಬೊಟ್ಟನ್ನು ಹಾಗೆ ಕೆರೆಯಬಾರದು ಅಂತ ಗೊಣಗಿದಳು. ಕೆರೆಯದಿದ್ದರೆ ಗುಜರಿಯವನು ಬೊಟ್ಟಿನ ಸಮೇತ ಸುತ್ತಿಗೆಯಿಂದ ಬಡಿಯುತ್ತಾನೆ ಅಂದೆ.

ಭಾನುವಾರದ ಪರೀಕ್ಷೆಗೆ ಸಾಕ್ಷಿಯಾಗಿ ದೊಡ್ಡಪ್ಪನೇ ಬರಬೇಕು ಅಂತ ಹಟ ಹಿಡಿದೆ. ಮೊದಲು ಆಗಲ್ಲ ಅಂದ. ಆಮೇಲೆ ಅಂಗಿ ಹಾಕಿಕೊಂಡು ಬಂದು ಹಿಂದೆ ಕೂತ. ಹುಣಸೆಮರ ದೂರದಲ್ಲಿ ಕಂಡ ಕೂಡಲೇ ನನ್ನ ಭುಜ ತಟ್ಟಿದ.

"ಇಳಿಸ್ಬುಡವ್ವ. ನಾನ್ ನಡ್ಕಂಡ್ ಬತ್ತೀನಿ."

"ತೂತು ಬಿಡಿಸಿದೀನಲ್ಲ ದೊಡ್ಡಪ್ಪ."

"ಗಾಡೀದು ಬಿಡಿಸಿದೀಯ," ಅಂದ.

ಇಳಿಸಿದೆ. ತಿರುವು ದಾಟಿ, ಆಚೆ ಬದಿಯಲ್ಲಿ ಇಂಜಿನ್ ಆರಿಸದೆ ಕಾದೆ. ಅವನು ಕಾಡಿನಿಂದ ದೂರದ ಅಂಚು ಹಿಡಿದು, ಕಾಡಿನ ಕಡೆ ನೋಡುತ್ತಲೇ ನಡೆದು ಬಂದು ಮತ್ತೆ ಹತ್ತಿದ. ಜಂಕ್ಷನ್ನಿನಲ್ಲಿ ಟೀ ಕುಡಿದೆವು. ವಾಪಸ್ಸು ಬರುವಾಗಲೂ ಹಾಗೇ, ಇಳಿದ, ನಡೆದ, ಹತ್ತಿದ. ಆದರೆ ಮನೆಯಲ್ಲಿ ಅಪ್ಪ ಕೇಳಿದಾಗ ತೀರ್ಪನ್ನು ನೆಟ್ಟಗೆ ಹೇಳಿದ: ಗಾಡಿ ಹೋಯಿತು, ಬಂತು, ಎಲ್ಲೂ ನಿಲ್ಲಲಿಲ್ಲ. ಕಳಿಸು.

ಸೋಮವಾರ ಬೆಳಿಗ್ಗೆ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಗಾಡಿಯ ಮುಂದೆ ನಿಂತಿದ್ದಳು. ನಾನು ಮುಚ್ಚಳದ ಮೇಲೆ ಕೈ ಅಡ್ಡ ಇಟ್ಟೆ. ಇನ್ನೆಲ್ಲಿ ಇಡೋದು ಅಂದಳು. ಎಲ್ಲಿ ಬೇಕಾದರೂ ಇಡು, ನೆತ್ತಿಗೆ ಬೇಡ ಅಂದೆ. ಹೆಡ್‌ಲೈಟಿನ ಮೇಲೆ ಇಟ್ಟಳು. ಜಾರಿತು. ಒರೆಸಿ ಮಡ್‌ಗಾರ್ಡಿಗೆ ಇಟ್ಟಳು. ಉಳಿದದ್ದನ್ನು, ನಾನು ಬೇಡ ಅನ್ನುವಷ್ಟರಲ್ಲಿ, ನನ್ನ ಹಣೆಗೆ ಒತ್ತಿದಳು. ಒರೆಸಿಕೊಳ್ಳಲು ಗ್ಲೌಸು ಬಿಚ್ಚಬೇಕಿತ್ತು, ಹೊತ್ತಾಗುತ್ತಿತ್ತು.

ಹುಣಸೆಮರದ ತಿರುವಿನಲ್ಲಿ ವೇಗ ಇಳಿಸಿದೆ. ಎರಡೂ ಕಡೆ ಚೆನ್ನಾಗಿ ನೋಡಿದೆ. ಹಟ ಬೇರೆ, ದಡ್ಡತನ ಬೇರೆ. ರಸ್ತೆ ಖಾಲಿ, ಕಾಡು ಸುಮ್ಮನೆ. ನಡು ತಿರುವಿನಲ್ಲಿ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದೆ. ಯಾವ ಹಕ್ಕಿಯೂ ಕೂಗಲಿಲ್ಲ. ಈ ಸಲ ಇಲ್ಲಿ ನಿಂತದ್ದು ಗಾಡಿಯಲ್ಲ, ನಾನು. ಬೇಕೆಂದೇ ಇಲ್ಲಿ ನಿಂತು ಮತ್ತೆ ಹೊರಡುವುದನ್ನು ನಮ್ಮ ಮನೆಯ ಯಾರಾದರೂ ಒಬ್ಬರು ಮಾಡಲೇಬೇಕಿತ್ತು.

ಕಿಕ್ ಹೊಡೆದೆ. ಒಂದೇ ಹೊಡೆತಕ್ಕೆ ಎದ್ದಿತು. ಹುಣಸೆಮರದ ಬುಡಕ್ಕೆ ಹೊಗೆ ಬಿಟ್ಟು ಜಂಕ್ಷನ್ನಿನ ಕಡೆ ಹೊರಟೆ. ಕಂಪನಿ ಬಸ್ಸು ಇನ್ನೂ ಬಂದಿರಲಿಲ್ಲ.