ಮೆಟ್ಟುಗತ್ತಿಗೆ ನಾಲ್ಕು ಕಾಲು

ನನ್ನ ಹತ್ತಿರ ಇರುವ ಸುತ್ತಿಗೆಗಳು ಒಂದು ಮನೆಗೆ ಜಾಸ್ತಿ. ಒಂದು ಕೇರಿಗೂ ಜಾಸ್ತಿ ಎಂದು ಹೆಂಡತಿ ಹೇಳುತ್ತಾಳೆ. ಉಳಿ, ಗರಗಸ, ಮರ ಹೆರೆದು ನುಣುಪು ಮಾಡುವ ಕೀಸುಳಿ, ಪಾನಾ, ಕೈಯಲ್ಲಿ ತಿರುಗಿಸುವ ಹಳೇ ಡ್ರಿಲ್ಲು, ಎಲ್ಲವೂ ಇವೆ. ಇಷ್ಟನ್ನೂ ಬಳಸಿ ನಾನು ಈವರೆಗೆ ಮಾಡಿರುವ ಒಂದೇ ವಸ್ತುವೆಂದರೆ, ಇವುಗಳನ್ನೇ ನೇತುಹಾಕುವ ಒಂದು ಹಲಗೆ. ಅದೂ ಸ್ವಲ್ಪ ಎಡಕ್ಕೆ ವಾಲಿದೆ.

ನಾನು ಓದಿದ್ದು ಏಳನೇ ಕ್ಲಾಸು. ಈ ಬರಹವೂ ಎಲ್ಲಾದರೂ ಎಡಕ್ಕೆ ವಾಲಿದರೆ ಆ ಹಲಗೆಯ ತಮ್ಮ ಎಂದುಕೊಳ್ಳಿ. ಆದರೆ ಬರೆಯದೆ ಗತಿಯಿಲ್ಲ. ಅಕ್ಕನಿಗೆ ನಾನೊಂದು ಸುಳ್ಳು ಹೇಳಿದ್ದೇನೆ.

ನಾನಿರುವುದು ಹೊಸನಗರದಲ್ಲಿ. ಲಗೇಜ್ ಆಟೋ ಓಡಿಸುತ್ತೇನೆ. ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರ ಸಾಮಾನಾದರೂ ಸರಿ, ಒಯ್ದು ಇಳಿಸುತ್ತೇನೆ. ಇಳಿಸಿದ ಮೇಲೆ ಗಾಡಿ ಖಾಲಿ. ಖಾಲಿ ಗಾಡಿ ಗುಜರಿ ಅಂಗಡಿಯ ಮುಂದೆ ತಾನೇ ನಿಧಾನವಾಗುತ್ತದೆ. ಇದನ್ನು ಹೆಂಡತಿ ನಂಬುವುದಿಲ್ಲ.

ಸಾಗರದ ಗುಜರಿ ಅಂಗಡಿಯವರಿಗೆ ನನ್ನ ಆಟೋದ ಸದ್ದು ಗೊತ್ತು. "ಬಂದ್ರಾ? ನಿಮಗಂತ್ಲೇ ಒಂದು ಎತ್ತಿಟ್ಟಿದೀನಿ" ಎನ್ನುತ್ತಾರೆ. ಬಂದವರಿಗೆಲ್ಲ ಹೀಗೇ ಹೇಳುತ್ತಾರೆಂದು ನನಗೂ ಗೊತ್ತು. ಆದರೂ ಪ್ರತಿ ಸಲ ಎದೆ ಹಿಗ್ಗುತ್ತದೆ.

ಹಳೇ ಹತ್ಯಾರು ಆರಿಸುವುದಕ್ಕೆ ನನ್ನದೇ ಕ್ರಮವಿದೆ. ಗರಗಸವನ್ನು ಬಿಲ್ಲಿನಂತೆ ಬಗ್ಗಿಸಿ ಬಿಡಬೇಕು, ನೆಟ್ಟಗೆ ವಾಪಸ್ಸು ಬಂದರೆ ಒಳ್ಳೆಯದು. ಉಳಿಯನ್ನು ಕಲ್ಲಿಗೆ ತಟ್ಟಿ ಕಿವಿಗೊಡಬೇಕು, ಗಂಟೆಯಂತೆ ಕೇಳಿಸಬೇಕು. ಕೀಸುಳಿಯಲ್ಲಿ ಅಲಗು ಎಷ್ಟು ಉಳಿದಿದೆ ಎಂದು ನೋಡಬೇಕು. ತುಕ್ಕಿಗೆ ಹೆದರಬಾರದು, ಬಿರುಕಿಗೆ ಹೆದರಬೇಕು. ಮನೆಗೆ ತಂದ ಮೇಲೆ ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿ, ತಂತಿ ಬ್ರಶ್ಶಿನಲ್ಲಿ ತಿಕ್ಕಿ, ಸೀಮೆಎಣ್ಣೆಯಲ್ಲಿ ಒರೆಸಿ, ಮರಳು ಕಾಗದದಲ್ಲಿ ಉಜ್ಜಿದರೆ ಮುಖ ಕಾಣುವಷ್ಟು ಹೊಳೆಯುತ್ತದೆ. ನನ್ನ ಮುಖವೇ ಆದರೂ ಸಂತೋಷವಾಗುತ್ತದೆ.

"ಸಾರಿಗೆ ಹುಣಸೆಹಣ್ಣಿಲ್ಲ, ಸುತ್ತಿಗೆಗೆ ಮಾತ್ರ ಇದೆ" ಎಂದು ಹೆಂಡತಿ ಒಂದು ಮಧ್ಯಾಹ್ನ ಹೇಳಿದಳು. ಅವತ್ತು ಸಾರು ಸಪ್ಪೆ. ಸುತ್ತಿಗೆ ಭರ್ಜರಿ.

ನನ್ನ ದೊಡ್ಡ ಹೆಮ್ಮೆ ಎಂದರೆ ಒಂದು ವೈಸು. ವಸ್ತುವನ್ನು ಎರಡು ದವಡೆಗಳ ನಡುವೆ ಬಿಗಿಯಾಗಿ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನ ಅದು. ಹಳೇ ವರ್ಕ್‌ಶಾಪಿನದು, ದಪ್ಪ ಮರದ ಮೇಜಿನ ಸಮೇತ ಸಿಕ್ಕಿತು. ಆಟೋಕ್ಕೆ ಹೇರಿದಾಗ ಹಿಂದಿನ ಚಕ್ರ ಕೂತು ಮುಂದಿನ ಚಕ್ರ ಮೇಲೇಳಲು ನೋಡಿತು. ಗುಜರಿಯವರು, "ಮುಂದ್ಗಡೆ ಯಾರನ್ನಾರೂ ದಪ್ಪಗಿರೋರ್ನ ಕೂರಿಸ್ಕಂಡು ಹೋಗಿ" ಎಂದು ಸಲಹೆ ಕೊಟ್ಟರು. ಮನೆಯ ಹಿಂದಿನ ಸೌದೆ ಕೊಟ್ಟಿಗೆಯಿಂದ ಸೌದೆ ಹೊರಗೆ ಹೋಯಿತು, ಮೇಜು ಒಳಗೆ ಬಂತು. ಅಂದಿನಿಂದ ಅದು ಕೊಟ್ಟಿಗೆಯಲ್ಲ, ವರ್ಕ್‌ಶಾಪು. ಹಾಗೆ ಕರೆಯುವವನು ನಾನೊಬ್ಬನೇ.

ಈಗ ಅಕ್ಕನ ವಿಷಯ. ಅಕ್ಕ ತೀರ್ಥಹಳ್ಳಿಯಲ್ಲಿ ಸಣ್ಣ ಊಟದ ಹೋಟೆಲು ನಡೆಸುತ್ತಾಳೆ. ನನ್ನನ್ನು ಎತ್ತಿ ಆಡಿಸುವುದಕ್ಕೆಂದೇ ಶಾಲೆ ಬಿಟ್ಟವಳು. ನಾನು ಆಮೇಲೆ ಯಾರನ್ನೂ ಎತ್ತಿ ಆಡಿಸದೆ ಸುಮ್ಮನೆ ಶಾಲೆ ಬಿಟ್ಟೆ. ಅವಳ ಹೋಟೆಲಿನ ತರಕಾರಿಯೆಲ್ಲ ಅವಳದೇ ಮೆಟ್ಟುಗತ್ತಿಯಲ್ಲಿ ಆಗಬೇಕು. ನೆಲದ ಮೇಲೆ ಮಣೆ, ಮಣೆಗೆ ನಿಲ್ಲಿಸಿದ ಬಾಗಿದ ಕತ್ತಿ, ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತರೆ ಬುಟ್ಟಿ ಖಾಲಿಯಾಗುವವರೆಗೆ ಏಳುವವಳಲ್ಲ. ಕಡೆಗೆ ಮೊಣಕಾಲು ಕೈಕೊಟ್ಟಿತು. ಡಾಕ್ಟರು ನೆಲದ ಮೇಲೆ ಕೂರಲೇಬಾರದೆಂದರು. ಚಾಕುವಿನಲ್ಲಿ ಹೆಚ್ಚಿ ನೋಡಿದಳು. ಬೆಳಗಿನ ತರಕಾರಿ ಮುಗಿಯುವಷ್ಟರಲ್ಲಿ ಊಟದವರು ಬಂದು ಕೂತಿರುತ್ತಿದ್ದರು. ಹೀಗೇ ಆದರೆ ಹೋಟೆಲು ಮುಚ್ಚಬೇಕಾಗುತ್ತದೆ ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

"ಅದ್ಕೆ ನಾಕು ಕಾಲು ಹಚ್ಚಿಕೊಡು ತಮಾ. ನಿಂತ್ಕಂಡೇ ಹೆಚ್ತೀನಿ. ನಿನ್ ಹತ್ರ ಅಷ್ಟೆಲ್ಲ ಸಾಮಾನಿದ್ಯಲ್ಲ."

ಮುಂದಿನ ಬಾಡಿಗೆಗೆ ತೀರ್ಥಹಳ್ಳಿಗೆ ಹೋದಾಗ ಮೆಟ್ಟುಗತ್ತಿಯನ್ನೂ, ಕಾಲಿಗೆಂದು ಅಮ್ಮನ ಹಳೇ ಮಂಚದ ಹಲಸಿನ ಪಟ್ಟಿಗಳನ್ನೂ ನನ್ನ ಆಟೋದಲ್ಲೇ ಹಾಕಿ ಕಳಿಸಿದಳು. "ಒಂದು ವಾರ" ಎಂದೆ.

ಹಲಸಿನ ಮರ ಕೈಗೆ ಸಿಕ್ಕಿದಾಗ ಕೀಸುಳಿಯ ಅಲಗು ಮೊಂಡಾಗಿತ್ತು. ಅಲಗು ಮಸೆಯಲು ಒಳ್ಳೆಯ ಸಾಣೆಕಲ್ಲು ಬೇಕಾಯಿತು. ಕಲ್ಲು ಸಿಕ್ಕಿತು, ಆದರೆ ಅದರ ನಡುವೆ ಗುಂಡಿ. ಗುಂಡಿ ಹೋಗಿಸಲು ಇನ್ನೊಂದು ಕಲ್ಲು ಬೇಕಾಯಿತು. ಈ ನಡುವೆ ಗುಜರಿಯಲ್ಲಿ ಹಿಡಿಯಿಲ್ಲದ ಸುತ್ತಿಗೆಗಳು ಸಿಕ್ಕವು. ಹಿಡಿಯಿಲ್ಲದ ಸುತ್ತಿಗೆ ನೋಡಿದರೆ ನನಗೆ ತಬ್ಬಲಿ ಕರು ನೋಡಿದ ಹಾಗಾಗುತ್ತದೆ. ಹಲಸಿನ ಮರ ಎದುರಿಗೇ ಇತ್ತು. ಒಂದು ಪಟ್ಟಿ ಕಡಿದೆ. ಮೂರು ಕಾಲಾದರೂ ನಿಲ್ಲುತ್ತದೆ ಎಂದುಕೊಂಡೆ. ಮತ್ತೊಂದನ್ನು ಕಡಿದಾಗ ಎರಡು ಕಾಲು ಸಾಕು, ಗೋಡೆಗೆ ಒರಗಿಸಬಹುದು ಎಂದುಕೊಂಡೆ. ಎಲ್ಲವೂ ಹಿಡಿಗಳಾದ ಮೇಲೆ ಏನೂ ಅಂದುಕೊಳ್ಳಲಿಲ್ಲ.

ಅಕ್ಕ ಫೋನು ಮಾಡಿದಳು. "ಆಯ್ತನಾ?"

"ಮರಕ್ಕೆ ಒರಲೆ ಹಿಡಿದುಬಿಡ್ತು ಅಕ್ಕಾ. ಪೂರಾ ತಿಂದಿದೆ." ಗೆದ್ದಲು ತಿಂದ ಮರವನ್ನು ಯಾರೂ ವಾಪಸ್ಸು ಕೇಳುವುದಿಲ್ಲ.

"ಅಯ್ಯೋ, ಅಮ್ಮನ ಮಂಚಕ್ಕೆ ಇಷ್ಟು ವರ್ಷ ಒಂದು ಒರಲೆ ಬರ್ಲಿಲ್ವಲ್ಲ ಮಾರಾಯ" ಎಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅದು ನನ್ನ ದೊಡ್ಡ ಹಬ್ಬ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಹೊಳೆಯುವ ಉಳಿ, ಸುತ್ತಿಗೆಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿ, ನಡುವೆ ಅಕ್ಕನ ಮೆಟ್ಟುಗತ್ತಿಯನ್ನಿಟ್ಟೆ. ಅದನ್ನೂ ಕನ್ನಡಿಯಂತೆ ಉಜ್ಜಿದ್ದೆ. ಎಲ್ಲದಕ್ಕೂ ನೀರಲ್ಲಿ ಕಲಸಿದ ಕುಂಕುಮದ ಬೊಟ್ಟು ಧಾರಾಳವಾಗಿ ಇಟ್ಟೆ. ನಿಂಬೆಹಣ್ಣು ಹೋಳು ಮಾಡಿ ಒಂದೊಂದರ ಮೇಲೂ ಕೂರಿಸಿದೆ. ವೈಸಿಗೆ ಚೆಂಡುಹೂವಿನ ಹಾರ. ಮಂಗಳಾರತಿ ಎತ್ತುವಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹೋಟೆಲಿಗೆ ಹಬ್ಬದ ರಜೆ, ಬೆಳಗಿನ ಬಸ್ಸಿಗೆ ಬಂದುಬಿಟ್ಟಿದ್ದಾಳೆ.

"ಕಾಲಿಲ್ದಿದ್ರೆ ಬೇಡ ತಮಾ, ನನ್ ಕತ್ತಿ ಕೊಡು. ಹ್ಯಂಗಾರೂ ಮಾಡ್ಕತೀನಿ."

ನಾನು ಆರತಿ ತಟ್ಟೆ ಹಿಡಿದೇ ಹೇಳಿದೆ: "ಪೂಜೆಗಿಟ್ಟಿದ್ದು ಅಕ್ಕಾ. ನಾಳೆ ವಿಜಯದಶಮಿ ಬರೋವರೆಗೂ ಎತ್ತಂಗಿಲ್ಲ."

ನಮ್ಮಲ್ಲಿ ಅದು ನಿಜವೇ. ಪೂಜೆಗಿಟ್ಟ ಹತ್ಯಾರನ್ನು ಅಂದು ಮುಟ್ಟುವುದಿಲ್ಲ. ದೇವರೇ ನನಗೆ ಒಂದು ದಿನ ಸಾಲ ಕೊಟ್ಟ ಹಾಗಾಯಿತು. ಅಕ್ಕ ಕುಂಟುತ್ತಾ ಒಳಗೆ ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಹೊರಗೆ ಜಿನುಗು ಮಳೆ ಹಿಡಿಯಿತು.

ಸಂಜೆ ದೀಪ ಇಡಲು ಹೋದಾಗ ಕುಂಕುಮ ಅಗಲವಾದ ಹಾಗೆ ಕಂಡಿತು. ಬೊಟ್ಟು ಇಟ್ಟಿದ್ದಕ್ಕಿಂತ ದೊಡ್ಡದಾಗಿ ಹರಡಿದೆ. ಬೊಟ್ಟು ಇಲ್ಲದ ಕಡೆಯೂ ಬೊಟ್ಟು. ದೇವಿಯ ಮಹಿಮೆ ಎಂದು ಒಂದು ಕ್ಷಣ ಕೈ ಮುಗಿದೆ. ಹತ್ತಿರ ಬಗ್ಗಿ ನೋಡಿದರೆ ತುಕ್ಕು. ಎಣ್ಣೆಯ ಪಸೆಯಿಲ್ಲದಂತೆ ಉಜ್ಜಿದ ಉಕ್ಕು, ಒದ್ದೆ ಕುಂಕುಮ, ಮೇಲೆ ನಿಂಬೆರಸ, ಸುತ್ತ ನಮ್ಮೂರಿನ ಥಂಡಿ. ಒರೆಸೋಣವೆಂದರೆ ಮುಟ್ಟುವ ಹಾಗಿಲ್ಲ, ಆ ಮಾತು ನನ್ನ ಬಾಯಿಂದಲೇ ಬಂದಿದೆ. ನೋಡುತ್ತಾ ನಿಂತೆ.

"ಎಂತಾಯ್ತು?" ಎಂದು ಹೆಂಡತಿ ಕೇಳಿದಳು. "ಎಂತಿಲ್ಲ, ಭಕ್ತಿ" ಎಂದೆ.

ವಿಜಯದಶಮಿ ಬೆಳಿಗ್ಗೆ ಮೂವರೂ ಕೊಟ್ಟಿಗೆಗೆ ಹೋದೆವು. ನಿಂಬೆಹೋಳು ಎತ್ತಿದಲ್ಲೆಲ್ಲ ಕಪ್ಪು ಚಂದ್ರ ಮೂಡಿತ್ತು. ಹುಣಸೆಹಣ್ಣಿನ ಲೆಕ್ಕ ನೆನಪಾಗಿ ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು. ಅಕ್ಕ ನಗಲಿಲ್ಲ. ತನ್ನ ಕತ್ತಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ತಂದು ಒಣಗಿಸಲು ಜಾಗ ಹುಡುಕುತ್ತಾ, ಮಣೆಯ ಸಪೂರ ತುದಿಯನ್ನು ವೈಸಿನ ದವಡೆಗಳ ನಡುವೆ ಇಟ್ಟು ಹಿಡಿ ತಿರುಗಿಸಿದಳು. ಕತ್ತಿ ಅಲ್ಲಾಡದೆ ನಿಂತಿತು. ಅವಳೂ ನಿಂತಿದ್ದಳು. ಕತ್ತಿ ಸರಿಯಾಗಿ ಅವಳ ಕೈ ಎತ್ತರಕ್ಕಿತ್ತು.

"ಒಂದು ಸೌತೆಕಾಯಿ ಕೊಡೇ" ಎಂದಳು ನನ್ನ ಹೆಂಡತಿಗೆ. ಸೌತೆಕಾಯಿ ಹೋಳಾಯಿತು. ಆಮೇಲೆ ಪೂಜೆಯ ಬೂದುಗುಂಬಳಕಾಯಿಯ ಚೂರು. ಆಮೇಲೆ ಮನೆಯಲ್ಲಿದ್ದ ಬೀನ್ಸೆಲ್ಲ. ಅವಳ ಮುಖ ನೋಡಿದಾಗಲೇ ಮೇಜು ನನ್ನದಲ್ಲ ಎಂದು ಗೊತ್ತಾಯಿತು.

"ಇದನ್ನ ಗಾಡಿಗೆ ಹಾಕು."

"ಅಕ್ಕಾ, ಅದು ವೈಸು. ವರ್ಕ್‌ಶಾಪಿಗೆ ಅದೇ..."

"ನಿನ್ ವರ್ಕ್‌ಶಾಪಲ್ಲಿ ಇವತ್ತೇ ಫಸ್ಟು ಎಂತಾರೂ ಕೆಲ್ಸ ಆಗಿದ್ದು ಕಣಾ" ಎಂದಳು ಅಕ್ಕ.

ಮೇಜಿನ ಮೇಲಿದ್ದ ಸುತ್ತಿಗೆಗಳನ್ನು ಕೆಳಗಿಡಲು ಅವಳೂ ಕೈ ಹಾಕಿದಳು. ಒಂದನ್ನು ಎತ್ತಿದವಳು ಹಾಗೇ ನಿಂತಳು. ಅದರ ಹಿಡಿಯ ಮೇಲೊಂದು ಸುಟ್ಟ ಕಲೆಯಿತ್ತು. ಚಿಕ್ಕವಳಿದ್ದಾಗ ಅವಳೇ ಮಂಚದ ಪಟ್ಟಿಯ ಮೇಲೆ ಚಿಮಣಿ ದೀಪ ಇಟ್ಟು ಮಾಡಿದ ಕಲೆ. ಅದಕ್ಕೆ ಅಮ್ಮನಿಂದ ಏಟು ತಿಂದಿದ್ದಳು. ಕೀಸುಳಿ ಮೊಂಡಾದ್ದರಿಂದ ಅದು ಪೂರ್ತಿ ಹೋಗಿರಲಿಲ್ಲ.

ಅಕ್ಕ ಕಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಉಳಿದ ಸುತ್ತಿಗೆಗಳ ಹಿಡಿಗಳನ್ನೂ ಒಮ್ಮೆ ನೋಡಿದಳು. ನಾನು ಆಟೋದ ಚಕ್ರದಲ್ಲಿ ಗಾಳಿ ಇದೆಯೇ ಎಂದು ಬಹಳ ಗಮನವಿಟ್ಟು ನೋಡತೊಡಗಿದೆ.

"ಈ ಒರಲೆ ಕೈ ಒಳ್ಳೇದಿದೆ ಮಾರಾಯ. ಎಷ್ಟು ನುಣ್ಣಗೆ ತಿಂದಿದೆ ನೋಡು" ಎಂದಳು.

ಕಲೆಯ ಸುತ್ತಿಗೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ತೀರ್ಥಹಳ್ಳಿ ತಲುಪುವವರೆಗೂ ಆಟೋದ ಮುಂದೆ ನನ್ನ ಪಕ್ಕದಲ್ಲೇ ಕೂತಿದ್ದಳು, ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಮುಂದಿನ ಚಕ್ರ ಮಾತ್ರ ಈ ಸಲ ಮೇಲೇಳಲಿಲ್ಲ. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಈಗ ವೈಸು ಹೋಟೆಲಿನ ಅಡುಗೆಮನೆಯಲ್ಲಿದೆ. ಅಕ್ಕ ದಿನಾ ಅದಕ್ಕೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುತ್ತಾಳೆ. ಒಂದು ಚುಕ್ಕೆ ತುಕ್ಕಿಲ್ಲ. ಊಟದ ಹೊತ್ತಿಗೆ ಪಲ್ಯ ತಯಾರಿರುತ್ತದೆ, ಹೋಟೆಲು ಮುಚ್ಚುವ ಮಾತು ನಿಂತಿದೆ. ಆ ಸುತ್ತಿಗೆ ತೆಂಗಿನಕಾಯಿ ಒಡೆಯುವುದಕ್ಕಾಗಿದೆ. ನಾನು ಊಟಕ್ಕೆ ಹೋದರೆ ಅಕ್ಕ ಕಾಯಿಯನ್ನೂ ಸುತ್ತಿಗೆಯನ್ನೂ ನನ್ನ ಕೈಗೇ ಕೊಡುತ್ತಾಳೆ. ಒಡೆಯುವಾಗ ಕಲೆ ನನ್ನ ಹೆಬ್ಬೆರಳಿನ ಕೆಳಗೇ ಬರುತ್ತದೆ.

ಒರಲೆ ನಾನೇ ಅಕ್ಕಾ. ನಿನಗೆ ಗೊತ್ತು. ಆದರೂ ನಾನು ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಮೇಜು ಹೋದ ಮೇಲೆ ನಾನು ಕೊಟ್ಟಿಗೆಯ ನೆಲದ ಮೇಲೆ ಕೂತು ತುಕ್ಕು ತಿಕ್ಕುತ್ತೇನೆ. ನನ್ನ ಮೊಣಕಾಲೂ ನೋಯಲು ಶುರುವಾಗಿದೆ. ಎತ್ತರಕ್ಕೆ ಏನಾದರೂ ಮಾಡಿಕೊಳ್ಳಬೇಕು. ನಾಲ್ಕು ಕಾಲು ಹಚ್ಚಿದರೆ ಆಯಿತು.